ಪಿ.ಜೆ. ಬಡಾವಣೆಯ ಹೆಸರು ಮತ್ತು ಮನೆಯ ಹಿಂದಿನ ಓಣಿ

ಪ್ರಶ್ನೆ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮ ತಾತ ಕಟ್ಟಿಸಿದ ಮನೆಯನ್ನು ಈಗ ದುರಸ್ತಿ ಮಾಡಿಸುತ್ತಿದ್ದೇನೆ. ಹಿತ್ತಲ ಗೋಡೆಯ ಗಾರೆ ಕೆತ್ತಿಸಿದಾಗ ನೆಲಮಟ್ಟದಲ್ಲಿ ಮೊಳದಗಲದ ಒಂದು ಕಿಂಡಿ ಕಾಣಿಸಿತು. ಅದನ್ನು ಎಂದೋ ಇಟ್ಟಿಗೆಯಿಂದ ಮುಚ್ಚಿದ್ದಾರೆ. ಗೋಡೆಯಾಚೆ, ಎರಡು ಸಾಲು ಮನೆಗಳ ಬೆನ್ನುಗಳ ನಡುವೆ, ಯಾರ ಮುಂಬಾಗಿಲೂ ತೆರೆಯದ ಕಿರಿದಾದ ಓಣಿಯಿದೆ. ಮೇಸ್ತ್ರಿಯನ್ನು ಕೇಳಿದರೆ ‘ಅದು ಕನ್ಸರ್ವೆನ್ಸಿ, ಸರ್’ ಎಂದಷ್ಟೇ ಹೇಳಿ ಕರಣೆ ಎತ್ತಿಕೊಂಡರು. ಖಾತೆಯ ಕಾಗದಗಳಲ್ಲಿಯೂ ‘ಪಿ.ಜೆ.’ ಎಂಬ ಎರಡು ಅಕ್ಷರಗಳ ಆಚೆಗೆ ಏನೂ ಇಲ್ಲ. ಈ ಬಡಾವಣೆ ಯಾವ ಕಾಲದ್ದು, ಹಳೇ ಪೇಟೆಗಿಂತ ಇದರ ಸ್ವಭಾವ ಇಷ್ಟು ಬೇರೆಯಾಗಿರುವುದೇಕೆ, ಆ ಕಿಂಡಿ ಯಾತಕ್ಕೆ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನಮ್ಮ ಊರಿನವರಿಗೆ ಇನಿಷಿಯಲ್‌ಗಳ ಮೇಲೆ ಅದೇನು ಪ್ರೀತಿಯೋ, ಎಂ.ಸಿ.ಸಿ., ಕೆ.ಟಿ.ಜೆ., ಕೆ.ಬಿ. ಎಂದು ಅರ್ಧ ನಗರವನ್ನೇ ಅಕ್ಷರಗಳಲ್ಲಿ ಮುಗಿಸಿಬಿಟ್ಟಿದ್ದೇವೆ. ಪಿ.ಜೆ. ಎಂದರೆ ಪ್ರಿನ್ಸ್ ಜಯಚಾಮರಾಜ. ಆ ಹೆಸರಿನಲ್ಲಿಯೇ ಬಡಾವಣೆಯ ವಯಸ್ಸೂ ಅಡಗಿದೆ. ಜಯಚಾಮರಾಜ ಒಡೆಯರ್ ಅವರು ಹುಟ್ಟಿದ್ದು 1919ರಲ್ಲಿ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1940ರ ಆಗಸ್ಟ್‌ನಲ್ಲಿ ತೀರಿಕೊಂಡ ನಂತರ ಅವರೇ ಮಹಾರಾಜರಾದರು. ಪಟ್ಟಕ್ಕೆ ಬಂದ ಮೇಲೆ ಯಾರೂ ಅವರನ್ನು ‘ಪ್ರಿನ್ಸ್’ ಎಂದು ಕರೆದು ಬಡಾವಣೆಗೆ ಹೆಸರಿಡುತ್ತಿರಲಿಲ್ಲ. ಆದ್ದರಿಂದ ಹೆಸರು ಬಿದ್ದದ್ದು ಈ ಎರಡು ಇಸವಿಗಳ ನಡುವೆ ಎಂದು ಧೈರ್ಯವಾಗಿ ಹೇಳಬಹುದು.

ಹಳೇ ಪೇಟೆಯ ಕತೆ ಬೇರೆ. ದಾವಣಗೆರೆ ಮೊದಲಿಗೆ ಬೇತೂರಿನ ಮಗ್ಗುಲಲ್ಲಿದ್ದ ಒಂದು ಸಣ್ಣ ಹಳ್ಳಿ. ಹೈದರಾಲಿ ಇದನ್ನು ಆಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ, ಆತ ವರ್ತಕರನ್ನು ಕರೆಸಿ ನೆಲೆ ನಿಲ್ಲಿಸಿದ್ದರಿಂದ ಊರು ಬೆಳೆಯಿತು. ಹೀಗೆ ವ್ಯಾಪಾರಕ್ಕಾಗಿಯೇ ಹುಟ್ಟಿದ ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಮುಂದೆ ಅಂಗಡಿ, ಹಿಂದೆ ಅಥವಾ ಮೇಲೆ ಮನೆ, ಪಕ್ಕದವರೊಂದಿಗೆ ಗೋಡೆಗೆ ಗೋಡೆ. ಹತ್ತಿಯ ಹಣ ಕೈಗೆ ಬಂದು ಗಿರಣಿಗಳು ಎದ್ದು, ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬರುವ ಹೊತ್ತಿಗೆ, ರೈಲು ಹಳಿಯ ಈಚೆ ಬದಿಯಲ್ಲಿ ಗೆರೆ ಎಳೆದಂಥ ರಸ್ತೆಗಳು, ಕಾಂಪೌಂಡು, ನಾಲ್ಕು ತೆಂಗಿನ ಗಿಡಗಳಿಗಾಗುವಷ್ಟು ಹಿತ್ತಲು ಇರುವ ಮನೆ ಬೇಕೆನಿಸಿದ್ದು ಸಹಜ. ಅಂಗಡಿಯನ್ನು ಅಲ್ಲಿಯೇ ಬಿಟ್ಟು ಮನೆಯನ್ನು ಮಾತ್ರ ಇಲ್ಲಿಗೆ ತಂದರು ಎನ್ನಿ. ದೇವರನ್ನಂತೂ ತರಲಿಲ್ಲ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಬಡಾವಣೆಯವರೆಲ್ಲ ಹಳಿ ದಾಟಿ ಹಳೇ ಊರಿಗೇ ಹೋಗುತ್ತಾರೆ.

ಉತ್ತರ 2

ಮೇಲಿನವರು ಬರೆದದ್ದನ್ನು ಒಪ್ಪುತ್ತೇನೆ, ಆದರೆ ಅವರು ಮುಂಬಾಗಿಲಲ್ಲೇ ನಿಂತುಬಿಟ್ಟರು; ಕೇಳಿದ್ದು ಹಿತ್ತಲಿನ ವಿಚಾರ.

ಆ ಕಿಂಡಿ ಹಳೆಯ ಪಾಯಖಾನೆಯದು. ಒಳಚರಂಡಿ ಬರುವ ಮುನ್ನ, ಹಳೆಯ ಮೈಸೂರು ಸಂಸ್ಥಾನದ ಯೋಜಿತ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ನಡುವೆ ಕನ್ಸರ್ವೆನ್ಸಿ ಎಂಬ ಓಣಿಯನ್ನು ಬಿಡುವುದು ವಾಡಿಕೆಯಾಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ನಂತರ ಬಸವನಗುಡಿ, ಮಲ್ಲೇಶ್ವರಗಳು ಬೆಳೆದಾಗ ಗಾಳಿ, ಬೆಳಕು, ನೇರ ರಸ್ತೆ, ಹಿಂದಿನ ಓಣಿ ಇವೆಲ್ಲವೂ ಒಂದೇ ನಕ್ಷೆಯ ಭಾಗಗಳಾದವು. ಪಾಯಖಾನೆಯನ್ನು ಹಿತ್ತಲ ಗೋಡೆಗೆ ತಾಗಿಸಿ ಕಟ್ಟಿ, ಅದರ ಬುಡದಲ್ಲಿ ಕಿಂಡಿ ಬಿಟ್ಟು, ಒಳಗೆ ಬುಟ್ಟಿ ಅಥವಾ ಡಬ್ಬ ಇಡುತ್ತಿದ್ದರು. ಪುರಸಭೆಯ ಜಾಡಮಾಲಿಗಳು ಬೆಳಗಿನ ಜಾವ ಆ ಓಣಿಯಿಂದಲೇ ಬಂದು, ಕಿಂಡಿಯಲ್ಲಿ ಕೈಹಾಕಿ ಮಲವನ್ನು ತೆಗೆದು, ತಲೆಯ ಮೇಲೆ ಹೊತ್ತು, ಅದೇ ಓಣಿಯಿಂದಲೇ ಹೋಗಬೇಕಿತ್ತು. ಮನೆಯವರಿಗೆ ಅವರ ಮುಖ ಕಾಣದಂತೆ ನೋಡಿಕೊಳ್ಳುವುದೂ ಆ ನಕ್ಷೆಯ ಉದ್ದೇಶವೇ ಆಗಿತ್ತೆಂದು ನನಗೆ ಅನ್ನಿಸುತ್ತದೆ. ಹಳೆಯ ಬಡಾವಣೆಗಳ ಅಚ್ಚುಕಟ್ಟನ್ನು ಹೊಗಳುವಾಗ ಈ ಅರ್ಧವನ್ನು ನಾವು ಬಿಟ್ಟೇಬಿಡುತ್ತೇವೆ.

ನಮ್ಮ ಪಕ್ಕದ ಹರಿಹರದಲ್ಲಿ ಹುಟ್ಟಿದ ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದಾಗ, 1970ರ ದಶಕದಲ್ಲಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ. ನಿಮ್ಮ ತಾತ ಆ ಇಟ್ಟಿಗೆಗಳನ್ನು ಇಡಿಸಿದ ಇಸವಿಯ ಲೆಕ್ಕದ ಚೀಟಿ ಮನೆಯಲ್ಲಿ ಸಿಕ್ಕರೆ ಜೋಪಾನವಾಗಿಡಿ.

ಉತ್ತರ 3

ಈಗಿನ ಸ್ವಭಾವದ ಬಗ್ಗೆ ಒಂದು ಮಾತು. ಪಿ.ಜೆ. ಬಡಾವಣೆಯನ್ನು ಬರಿಯ ವಾಸದ ಜಾಗ ಎನ್ನುವುದು ಇಂದು ಕಷ್ಟ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾಗಿ, ಅದರ ವಿದ್ಯಾರ್ಥಿಗಳು ಚಿಗಟೇರಿ ಆಸ್ಪತ್ರೆಯಲ್ಲಿ ಕಲಿಯತೊಡಗಿದ ಮೇಲೆ, ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರದ ಈ ರಸ್ತೆಗಳಲ್ಲಿ ವೈದ್ಯರು ಮನೆ ಮಾಡಿದರು. ಮುಂದಿನ ಕೋಣೆ ಕ್ಲಿನಿಕ್ಕಾಯಿತು, ಕ್ಲಿನಿಕ್ಕು ನರ್ಸಿಂಗ್ ಹೋಮ್ ಆಯಿತು. ಪೇಟೆಯ ‘ಮುಂದೆ ಅಂಗಡಿ, ಹಿಂದೆ ಮನೆ’ ಪದ್ಧತಿ ಬೇರೆ ವೇಷದಲ್ಲಿ ಇಲ್ಲಿಗೂ ಬಂತು. ಸಂಜೆ ರಾಂ ಅಂಡ್ ಕೋ ವೃತ್ತದಲ್ಲಿ ತಿಂಡಿಗಾಡಿಗಳ ಮುಂದೆ ನಿಲ್ಲುವ ಜನರನ್ನು ನೋಡಿದರೆ, ಔಷಧದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಮೆಣಸಿನಕಾಯಿ ಮಂಡಕ್ಕಿ ತಿನ್ನುವವರೇ ಕಾಲು ಭಾಗ ಇದ್ದಾರೇನೋ ಎನಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಓಣಿಯನ್ನು ನಿನ್ನೆ ನಡೆದು ನೋಡಿದೆ. ಅಕ್ಕಪಕ್ಕದ ಹಲವು ಗೋಡೆಗಳಲ್ಲಿ, ನಮ್ಮದರಷ್ಟೇ ಎತ್ತರದಲ್ಲಿ, ಗಾರೆಯ ಬಣ್ಣ ಬೇರೆಯಾಗಿರುವ ಚೌಕಗಳಿವೆ. ಒಂದೆಡೆ ಯಾರೋ ತಗಡಿನ ಶೆಡ್ಡು ಇಳಿಸಿ ದಾರಿಯನ್ನೇ ಮುಚ್ಚಿದ್ದಾರೆ. ಹಿತ್ತಲ ಗೋಡೆಯನ್ನು ಎರಡಡಿ ಆಚೆಗೆ ಸರಿಸಿಕೊಳ್ಳೋಣವೆಂದು ನಮ್ಮ ಮೇಸ್ತ್ರಿಯೂ ಸಲಹೆ ಕೊಟ್ಟಿದ್ದರು, ಬೇಡವೆಂದಿದ್ದೇನೆ.