ರೈತರ ಮಕ್ಕಳಿಗೆ ಸರ್ಕಾರ ಕೊಡೋ ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್‌ಗೆ ಎಫ್‌ಐಡಿ (ರೈತರ ಗುರುತಿನ ನಂಬರ್) ಬೇಕಂತೆ, ಅದನ್ನ ಎಲ್ಲಿ ಮಾಡಿಸೋದು?

ಆಲೂರು ಹುಡ್ಗಿ:
ಎಲ್ರಿಗೂ ನಮಸ್ತೆ, ಹಾಸನದಲ್ಲಿ ಬಿಎಸ್ಸಿ ಫಸ್ಟ್ ಇಯರ್ ಓದ್ತಿದೀನಿ, ಅಪ್ಪನ ಹೆಸ್ರಲ್ಲಿ ಒಂದೂವರೆ ಎಕರೆ ಇದೆ, ಈ ಸಲ ಶುಂಠಿಗೆ ಕೊಳೆರೋಗ ಬಂದು ಎಲ್ಲಾ ಹೋಯ್ತು, ಫೀಸ್ ಕಟ್ಟೋಕೆ ತುಂಬಾ ಕಷ್ಟ ಆಗ್ತಿದೆ. ಏನೇನು ಬೇಕು ಅಂತ ಗೊತ್ತಿರೋರು ಹೇಳಿ ಪ್ಲೀಸ್.

ಬೇಲೂರು ಮೇಷ್ಟ್ರು:
ನೋಡಮ್ಮ, ಅಪ್ಪನ್ನ ಆಧಾರ್, ಪಹಣಿ, ಪಾಸ್‌ಬುಕ್ ಕೊಟ್ಟು ರೈತ ಸಂಪರ್ಕ ಕೇಂದ್ರಕ್ಕೆ ಕಳ್ಸು, ಫ್ರೂಟ್ಸ್ ಅನ್ನೋ ಸರ್ಕಾರದ ರೈತರ ಪೋರ್ಟಲ್‌ನಲ್ಲಿ ನೋಂದಣಿ ಮಾಡಿ ಕೊಡೋ ನಂಬರೇ ಎಫ್‌ಐಡಿ. ವಿದ್ಯಾನಿಧಿಯಲ್ಲಿ ಡಿಗ್ರಿಗೆ ಹುಡ್ಗೀರಿಗೆ ವರ್ಷಕ್ಕೆ 5,500, ಹುಡುಗ್ರಿಗೆ 5,000. ಎಸ್‌ಎಸ್‌ಪಿ ಅನ್ನೋ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಪೋಸ್ಟ್ ಮೆಟ್ರಿಕ್ (ಎಸ್ಸೆಸ್ಸೆಲ್ಸಿ ನಂತರದ ಓದಿನ) ಸ್ಕಾಲರ್‌ಶಿಪ್ ಅರ್ಜಿನೂ ಹಾಕು, ಅದಕ್ಕೆ ನಾಡಕಚೇರಿಯ ಜಾತಿ, ಆದಾಯ ಸರ್ಟಿಫಿಕೇಟ್ ಮೇಲಿರೋ ಆರ್‌ಡಿ ಅಂತ ಶುರುವಾಗೋ ನಂಬರ್ ಬೇಕು. ಕೊನೇ ದಿನದವರೆಗೆ ಕಾಯ್ಬೇಡ ಕಣಮ್ಮ.

ಕಡೂರು ಹೈದ:
ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ಬ್ಯಾಂಕ್ ವಿಷ್ಯ ಮರೀಬೇಡಿ ಅಕ್ಕ. ನಂಗೆ ಮಂಜೂರಾಗಿದೆ ಅಂತ ತೋರಿಸ್ತಿತ್ತು, ಪಾಸ್‌ಬುಕ್ಕಲ್ಲಿ ಒಂದ್ರೂಪಾಯಿ ಇಲ್ಲ, ಎರಡು ತಿಂಗ್ಳು ಅಲೆದ್ಮೇಲೆ ಗೊತ್ತಾಯ್ತು ಹೈಸ್ಕೂಲಲ್ಲಿ ಮಾಡ್ಸಿದ್ದ ಹಳೇ ಅಕೌಂಟಿಗೆ ಹೋಗಿದೆ ಅಂತ, ಯಾಕಂದ್ರೆ ಆಧಾರ್ ಯಾವ ಅಕೌಂಟಿಗೆ ಸೀಡ್ (ಲಿಂಕ್) ಆಗಿರುತ್ತೋ ದುಡ್ಡು ಅಲ್ಲಿಗೇ ಬೀಳೋದು. ಮೊದ್ಲು ಅದನ್ನ ಚೆಕ್ ಮಾಡ್ಸಿ.

ಆಲೂರು ಹುಡ್ಗಿ:
ತುಂಬಾ ಥ್ಯಾಂಕ್ಸ್ ಸರ್, ಥ್ಯಾಂಕ್ಸ್ ತಮ್ಮಾ. ಸೋಮವಾರನೇ ಅಪ್ಪನ ಜೊತೆ ಹೋಗ್ತೀನಿ.