ಅಪ್‌ಡೇಟ್: ಅಮ್ಮನ ಪಿಎಂ ಕಿಸಾನ್ ಹಣ ಸಿಕ್ಕಿತು, ಆದರೆ ಬೇರೆ ಖಾತೆಯಲ್ಲಿ

ತಂದೆಯವರು ತೀರಿಕೊಂಡ ಬಳಿಕ ಪೌತಿ ಖಾತೆಯಾಗಿ ಪಹಣಿ ಅಮ್ಮನ ಹೆಸರಿಗೆ ಬಂದು, ಪಿಎಂ ಕಿಸಾನ್ ನೋಂದಣಿಯೂ ಮಂಜೂರಾಗಿದ್ದರೂ, ವರ್ಷಕ್ಕೆ ಮೂರು ಕಂತುಗಳಲ್ಲಿ ಬರಬೇಕಾದ 6,000 ರೂಪಾಯಿಯಲ್ಲಿ ಬಿಡಿಗಾಸೂ ಏಕೆ ಬಂದಿಲ್ಲ ಎಂದು ನಾನು ಹಿಂದೆ ಕೇಳಿದ್ದೆ. ಹಲವರು 2019ರ ಫೆಬ್ರವರಿ 1ರ ಗಡುವನ್ನು ಶಂಕಿಸಿದ್ದಿರಿ. ಆ ದಿನದ ನಂತರ ಜಮೀನು ಕೊಂಡವರಿಗೆ ಸೌಲಭ್ಯವಿಲ್ಲ ಎಂಬುದು ನಿಜ. ಆದರೆ ಮಾಲೀಕರ ಮರಣದಿಂದ ವಾರಸುದಾರರಿಗೆ ಬಂದ ಭೂಮಿಗೆ ವಿನಾಯಿತಿ ಇರುವುದರಿಂದ ತೊಡಕು ಅಲ್ಲಿರಲಿಲ್ಲ.

ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ) ಮುಗಿದಿತ್ತು, ಫ್ರೂಟ್ಸ್ ಐಡಿಗೆ (ರಾಜ್ಯ ಸರ್ಕಾರದ ರೈತರ ನೋಂದಣಿ ಸಂಖ್ಯೆ) ಜಮೀನಿನ ಸರ್ವೆ ನಂಬರೂ ಸೇರಿತ್ತು. ರೈತ ಸಂಪರ್ಕ ಕೇಂದ್ರದಲ್ಲಿ ಪೋರ್ಟಲ್ ತೆರೆಸಿ ನೋಡಿದರೆ ಕಂತುಗಳು ಪಾವತಿಯಾಗಿವೆ ಎಂದೇ ಇತ್ತು! ಆಧಾರ್ ಮೂಲಕ ನಡೆಯುವ ಪಾವತಿಯಲ್ಲಿ, ನಾವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗಿಂತ ಎನ್‌ಪಿಸಿಐ ಮ್ಯಾಪರ್‌ನಲ್ಲಿ (ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂದು ರಾಷ್ಟ್ರೀಯ ಪಾವತಿ ನಿಗಮ ಇಡುವ ಪಟ್ಟಿ) ಕೊನೆಯದಾಗಿ ಜೋಡಣೆಯಾದ ಬ್ಯಾಂಕೇ ಮುಖ್ಯವೆಂದು ಆಗ ತಿಳಿಯಿತು. ಸ್ವಸಹಾಯ ಸಂಘದ ಸಾಲಕ್ಕೆಂದು ತೆರೆದು ಅಮ್ಮ ಮರೆತೇಬಿಟ್ಟಿದ್ದ ಖಾತೆಯೊಂದು ಬೇರೆ ಬ್ಯಾಂಕಿನಲ್ಲಿತ್ತು. ಟ್ರಂಕಿನಲ್ಲಿ ಸೀರೆಗಳ ಅಡಿಯಿದ್ದ ಆ ಪಾಸ್‌ಬುಕ್ಕನ್ನು ಯಂತ್ರಕ್ಕೆ ಕೊಟ್ಟಾಗ 2,000, 2,000, 2,000 ಎಂದು ಒಂದರ ಕೆಳಗೊಂದು ಸಾಲು ಮೂಡಿದವು. ಅಮ್ಮ ಅದನ್ನು ಬೆರಳಿಟ್ಟು ಎಣಿಸಿದರು.

ಎರಡೂ ಬ್ಯಾಂಕಿನವರು ನಮ್ಮನ್ನು ಅತ್ತಿಂದಿತ್ತ ಅಲೆಸಿದ ಕತೆಯನ್ನು ಬಿಡುತ್ತೇನೆ. ಈಗ ಆಧಾರ್ ಜೋಡಣೆ ಊರಿನ ಖಾತೆಗೆ ಬದಲಾಗಿದ್ದು, ಕಳೆದ ಕಂತು ಅಲ್ಲಿಗೇ ಬಂದಿದೆ. ಪಿಎಂ ಕಿಸಾನ್ ಜೊತೆಗೆ ರಾಜ್ಯ ಸರ್ಕಾರ ವರ್ಷಕ್ಕೆ ಕೊಡುತ್ತಿದ್ದ ಹೆಚ್ಚುವರಿ 4,000 ರೂಪಾಯಿಯ ಬಗ್ಗೆ ಒಬ್ಬರು ಕೇಳಿದ್ದರು. ಅದು 2023ರಲ್ಲೇ ನಿಂತಿದೆ.