ಕುಡಿಯೋದೇ ಇಲ್ಲ, ಆದ್ರೂ ಫ್ಯಾಟಿ ಲಿವರ್: ಡ್ಯೂಟಿ ಮಾಡ್ಕೊಂಡೇ ಇಳಿಸಿದವರು ಇದ್ದೀರಾ?

ಕೇಳಿದವರು: ಹೆಡ್ ಕಾನ್‌ಸ್ಟೇಬಲ್, ತುಮಕೂರು, 43 ವರ್ಷ

ಹೆಲ್ತ್ ಚೆಕಪ್‌ನಲ್ಲಿ ಹೊಟ್ಟೆ ಸ್ಕ್ಯಾನಿಂಗ್ ಮಾಡಿ ಗ್ರೇಡ್ 2 ಫ್ಯಾಟಿ ಲಿವರ್, ಅಂದ್ರೆ ಲಿವರ್‌ನಲ್ಲಿ ಕೊಬ್ಬು ತುಂಬಿದೆ ಅಂತ ಬರೆದಿದ್ದಾರೆ. ರಕ್ತ ಪರೀಕ್ಷೆಯಲ್ಲಿ ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದ್ರೆ ಏರೋ ಎನ್‌ಜೈಮ್) 78. ಬಿಯರ್ ಕೂಡ ಮುಟ್ಟಿದವನಲ್ಲ ನಾನು. ಆದ್ರೂ ಸ್ಟೇಷನ್‌ನಲ್ಲಿ ‘ಏನಣ್ಣ, ಗುಟ್ಟಾಗಿ ಎಲ್ಲಿ ಹಾಕ್ತೀಯ?’ ಅಂತ ರೇಗಿಸ್ತಾರೆ. ತೂಕ 88 ಕೆಜಿ, ಸೊಂಟದ ಸುತ್ತಳತೆ 104 ಸೆಂ.ಮೀ. ವಾರಕ್ಕೆ ಎರಡು ಮೂರು ನೈಟ್ ಬೀಳುತ್ತೆ. ನೋವಿಲ್ಲ, ಸುಸ್ತಿಲ್ಲ. ಮನೇಲಿ ಮಾತ್ರ ಹೆದರಿದ್ದಾರೆ. ಏನು ಮಾಡಿದ್ರಿ, ಹೇಳಿ.

ನಿವೃತ್ತ ಎಎಸ್‌ಐ, ಕೋಲಾರ

ತಮ್ಮಾ, ನನ್ನನ್ನೂ ಹಾಗೇ ರೇಗಿಸಿದ್ರು. ಕುಡಿತ ಒಂದು ಕಾರಣ, ಅದೊಂದೇ ಅಲ್ಲ. ಹೊಟ್ಟೆ ಬೊಜ್ಜು, ಶುಗರ್, ಬಿಪಿ, ಟ್ರೈಗ್ಲಿಸರೈಡ್ ಅನ್ನೋ ರಕ್ತದ ಕೊಬ್ಬು, ನಮ್ಮವರನ್ನ ಹೆಚ್ಚಾಗಿ ಹಿಡಿಯೋದು ಇವೇ. ನಮ್ಮ ದೇಶದ ಗಂಡಸರಿಗೆ ಸುತ್ತಳತೆ 90 ದಾಟಬಾರದು ಅಂತಾರೆ. ನೋವಿಲ್ಲ ಅಂತ ಸುಮ್ಮನಿರಬೇಡ, ಇದು ಎಷ್ಟೋ ವರ್ಷ ಸದ್ದೇ ಮಾಡಲ್ಲ.

ನಾನು ಕೆಟ್ಟಿದ್ದು ಸ್ಟೇಷನ್ ರೈಟರ್ ಆಗಿದ್ದಾಗ. ಬೆಳಿಗ್ಗೆಯಿಂದ ರಾತ್ರಿವರೆಗೆ ಕುರ್ಚಿ. ದಿನಕ್ಕೆ ಎಂಟು ಟೀ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಒಂದಿನ ಲೆಕ್ಕ ಹಾಕಿದ್ರೆ 80 ಗ್ರಾಂ! ರೌಂಡ್ಸ್ ಇದ್ದಾಗ ರಾತ್ರಿ ಒಂದೂವರೆಗೆ ಹೈವೇ ಡಾಬಾದಲ್ಲಿ ಎಗ್ ರೈಸ್, ಬೆಳಿಗ್ಗೆ ಮನೆಗೆ ಬಂದು ಇನ್ನೊಂದು ಸಲ ತಿಂದು ಮಲಗೋದು.

ಮೊದಲು ನಿಲ್ಲಿಸಿದ್ದು ಸಕ್ಕರೆ. ನೈಟ್ ಇದ್ದ ದಿನ ಎಂಟಕ್ಕೇ ಒಂದು ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ. ಆಮೇಲೆ ಹಸಿದ್ರೆ ಹುರಿಗಡಲೆ, ಮಜ್ಜಿಗೆ. ರಾಗಿ ಒಳ್ಳೇದು ಅಂತ ಮೂರು ಮುದ್ದೆ ನುಂಗಬೇಡ, ಅದನ್ನೂ ಮಾಡಿ ನೋಡಿದವನು ನಾನು. ಡ್ಯೂಟಿ ಇಳಿದು ನಿದ್ದೆ ಮಾಡಿ, ಸಂಜೆ ಅಂತರಗಂಗೆ ಮೆಟ್ಟಿಲು ಹತ್ತುತ್ತಿದ್ದೆ. ಹನ್ನೊಂದು ತಿಂಗಳಲ್ಲಿ 91 ಇದ್ದವನು 83ಕ್ಕೆ ಬಂದೆ. ತೂಕದಲ್ಲಿ ನೂರಕ್ಕೆ 5 ಇಳಿದ್ರೆ ಲಿವರ್ ಕೊಬ್ಬು ಕರಗೋಕೆ ಶುರು, 7ರಿಂದ 10 ಇಳಿದ್ರೆ ಊತವೂ ತಗ್ಗುತ್ತೆ ಅಂದಿದ್ರು ಡಾಕ್ಟ್ರು. ನಿನಗೆ ಅದು ಆರರಿಂದ ಒಂಬತ್ತು ಕೆಜಿ. ಉಪವಾಸ ಬಿದ್ದು ಒಂದೇ ತಿಂಗಳಲ್ಲಿ ಇಳಿಸೋಕೆ ಹೋಗಬೇಡ, ಲಿವರ್‌ಗೆ ಅದೂ ಕೆಟ್ಟದ್ದೇ.

ಪೊಲೀಸರ ಮನೆಯವರು, ಚಿಕ್ಕಬಳ್ಳಾಪುರ

ಅಣ್ಣಾ, ಅತ್ತಿಗೆಗೆ ಒಂದು ಮಾತು ಹೇಳಿ. ನಮ್ಮೆಜಮಾನ್ರಿಗೆ ಶನಿವಾರ ಭಾನುವಾರ ಬಂತು ಅಂದ್ರೆ ನಂದಿ ಬೆಟ್ಟದ ಟ್ರಾಫಿಕ್ ಡ್ಯೂಟಿ, ಹೊತ್ತಿಗೆ ಸರಿಯಾಗಿ ಊಟ ಇಲ್ಲ. ಲಿವರ್‌ಗೆ ಒಳ್ಳೇದು ಅಂತ ಯಾರೋ ಹೇಳಿದ್ದಕ್ಕೆ ಎರಡು ತಿಂಗಳು ಅಮೃತಬಳ್ಳಿ ಕಷಾಯ ಕುಡಿಸಿದೆ. ಎಸ್‌ಜಿಪಿಟಿ ಇಳಿಯೋ ಬದಲು ಏರಿತು. ಡಾಕ್ಟ್ರು ಬೈದು ನಿಲ್ಲಿಸಿದ್ರು. ಅಮೃತಬಳ್ಳಿಯಿಂದ ಲಿವರ್ ಕೆಟ್ಟವರ ಬಗ್ಗೆ ಮುಂಬೈ ಡಾಕ್ಟರುಗಳು 2021ರಲ್ಲೇ ಬರೆದಿದ್ದಾರಂತೆ. ಪುಡಿ, ಬೇರು, ಟಾನಿಕ್ ಏನೇ ಕೊಡೋ ಮುಂಚೆ ಡಾಕ್ಟರನ್ನ ಕೇಳಿ.

ಕಾನ್‌ಸ್ಟೇಬಲ್, ಕೆಜಿಎಫ್

ಎಂಟಕ್ಕೆ ಮುದ್ದೆ ಅಂತೀರಲ್ಲ ಸರ್, ಬಂದೋಬಸ್ತ್ ದಿನ ಊಟದ ಪೊಟ್ಟಣ ಕೈಗೆ ಸಿಗೋದೇ ನಾಲ್ಕಕ್ಕೆ. ಅದೂ ಪಲಾವ್. ನಾನು ಬ್ಯಾಗಲ್ಲಿ ಬೇಯಿಸಿದ ಮೊಟ್ಟೆ, ಸೌತೆಕಾಯಿ ಇಟ್ಕೊಂಡು ಹೋಗ್ತೀನಿ. ಜೊತೆಯವರು ನಗ್ತಾರೆ, ಆಮೇಲೆ ಅವರೇ ಬಂದು ಕೇಳ್ತಾರೆ.

ಲ್ಯಾಬ್ ಟೆಕ್ನಿಷಿಯನ್, ತುಮಕೂರು

ಸ್ಕ್ಯಾನಿಂಗ್‌ನ ಗ್ರೇಡ್ ಕೊಬ್ಬು ಎಷ್ಟಿದೆ ಅಂತ ಹೇಳುತ್ತೆ, ಲಿವರ್ ಗಟ್ಟಿಯಾಗ್ತಿದೆಯಾ ಅಂತ ಹೇಳಲ್ಲ. ಅದಕ್ಕೆ ಫಿಬ್-4 ಲೆಕ್ಕ ಇದೆ: ವಯಸ್ಸು, ಎಸ್‌ಜಿಒಟಿ (ಇದೂ ಅಂಥದ್ದೇ ಎನ್‌ಜೈಮ್), ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಸಾಕು. 1.3ಕ್ಕಿಂತ ಕಡಿಮೆ ಬಂದ್ರೆ ಸಾಮಾನ್ಯವಾಗಿ ಗಾಬರಿ ಬೇಡ. ಮೇಲಿದ್ರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿ ಅಂತ ಅಳೆಯೋ ಸ್ಕ್ಯಾನ್) ಬರೀತಾರೆ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್), ಲಿಪಿಡ್ (ರಕ್ತದ ಕೊಬ್ಬು), ಹೆಪಟೈಟಿಸ್ ಬಿ ಮತ್ತು ಸಿ ಟೆಸ್ಟ್ ಬಗ್ಗೆಯೂ ಡಾಕ್ಟರನ್ನ ಕೇಳಿ.

ಕೇಳಿದವರು

ಎಲ್ರಿಗೂ ಥ್ಯಾಂಕ್ಸ್. ಎಸ್‌ಜಿಒಟಿ 52, ಪ್ಲೇಟ್‌ಲೆಟ್ 2.4 ಲಕ್ಷ ಇದೆ, ಫಿಬ್-4 ಲೆಕ್ಕ 1.05 ಬಂತು. ಮನೇಲಿ ಈಗ ಸ್ವಲ್ಪ ಸಮಾಧಾನ. ಸೋಮವಾರ ಡಾಕ್ಟರ ಹತ್ರ ಹೋಗ್ತಿದ್ದೀನಿ. ಇವತ್ತು ಟೀ ಅಂಗಡೀಲಿ ಸಕ್ಕರೆ ಇಲ್ಲದ್ದು ಕೊಡಪ್ಪಾ ಅಂದೆ. ‘ಸಾರ್, ಪಾತ್ರೆಗೇ ಹಾಕಿಬಿಟ್ಟಿದ್ದೀನಲ್ಲ’ ಅಂದ. ನಾಳೆಯಿಂದ ಮನೆಯಿಂದಲೇ ಫ್ಲಾಸ್ಕ್.